ಕೆರೆ ನಾರಿದ ವರ್ಷ

ಮೊನ್ನೆ ಮೊಮ್ಮಗಳು ಹೂಕುಂಡಗಳಿಗೆಂದು ಗೊಬ್ಬರದ ಚೀಲ ತಂದು ಅಂಗಳದಲ್ಲಿ ಬಿಚ್ಚಿದಳು. ಕೊಳೆತ ಮೀನು, ಹಕ್ಕಿಹಿಕ್ಕೆ ಬೆರೆತಂಥ ನಾತ. ಅವಳು ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಅಲ್ಲೇ ಕೂತೆ... ಪಕ್ಕದಮನೆ ದೊಡ್ಡಮ್ಮ ನೆನಪಾದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿಕಾರಿಪುರದ ಬಯಲಿನಿಂದ ಸೊರಬದ ಕಡೆಯ ಊರಿಗೆ ಸೊಸೆಯಾಗಿ ಬಂದಿದ್ದೆ. ಮನೆಯ ಹಿಂದೆಯೇ ಕೆರೆ, ನೀರಲ್ಲೇ ನಿಂತ ಲಕ್ಕಿ ಮರಗಳು. ಮಳೆಗಾಲ ಹಿಡಿಯಿತೆಂದರೆ ಅವುಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು, ಗಲಾಟೆ, ನಾತ. ನನಗೆ ಅನ್ನ ಸೇರುತ್ತಿರಲಿಲ್ಲ.

"ಬಾಣಂತಿ ಮನೆ ಅಂದ್ಮೇಲೆ ವಾಸನೆ ಬರದೆ ಇರ್ತದೇನೇ ಹುಡುಗಿ?" ಎಂದು ದೊಡ್ಡಮ್ಮ ನಗುತ್ತಿದ್ದರು. ಅವರ ಪಾಲಿಗೆ ಆ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಮರಗಳ ಬುಡದ ನೀರು ಇಳಿದರೆ ನರಿ ನುಗ್ಗುತ್ತದೆ, ಮರಿ ಹಾರುವ ತನಕ ತೂಬು ತೆಗೆಯಬೇಡಿ ಎಂದು ಊರ ಗಂಡಸರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು.

ಒಂದು ಬೇಸಿಗೆ ಊರಲ್ಲಿ ಶ್ರಮದಾನದ ಹುರುಪು. ಒಣಗಿದ ಕೆರೆಯ ಹೂಳೆತ್ತಲು ಹೋದವರು, ಕೆರೆ ಚೊಕ್ಕಟವಾಗಲೆಂದು ಲಕ್ಕಿ ಮರಗಳನ್ನೂ ಕಡಿದುಬಿಟ್ಟರು. ಮುಂದಾಳು ದೊಡ್ಡಮ್ಮನ ಮಗನೇ. ಶಿರಾಳಕೊಪ್ಪದ ಸಂತೆಗೆ ಹೋಗಿದ್ದ ದೊಡ್ಡಮ್ಮ ಬಸ್ಸಿಳಿದು ಬಂದವರು ಏರಿಯ ಮೇಲೇ ನಿಂತರು.

"ತವರುಮನೆ ಕೆಡವಿ ಅಂಗಳ ಗುಡಿಸಿದ್ಯಲ್ಲೋ" ಎಂದು ಮಗನಿಗೆ ಅಂದರು.

ಆ ಮಳೆಗಾಲ ಹಕ್ಕಿಗಳು ಬಂದವು, ಕೆರೆಯ ಮೇಲೆ ಸುತ್ತಿದವು, ಹೊರಟುಹೋದವು. ನಾತವಿಲ್ಲದ್ದು ನನಗೆ ಹಾಯೆನಿಸಬೇಕಿತ್ತು. ಆದರೂ ದಿನಾ ಹಿತ್ತಲಿಗೆ ಹೋಗಿ ಬರಿಯ ನೀರನ್ನು ನೋಡುತ್ತಾ ನಿಲ್ಲುತ್ತಿದ್ದೆ.

ಮುಂದಿನ ಬೇಸಿಗೆಯಿಂದ ದೊಡ್ಡಮ್ಮ, ಚಿಗುರಿದ ಮೋಟುಗಳ ಸುತ್ತ ಮುಳ್ಳು ಕಟ್ಟತೊಡಗಿದರು. ಕೆರೆಯಲ್ಲಿ ಮೇಯುವ ಮೇಕೆಗಳ ಬಾಯಿಗೆ ಸಿಗಬಾರದಲ್ಲ. ಮಗ ಮುಳ್ಳಿನ ಹೊರೆ ತಂದು ಹಾಕಿ ತಲೆತಗ್ಗಿಸಿ ಹೋಗುತ್ತಿದ್ದ. ಕೊಂಬೆಗಳು ಬಲಿಯುವಷ್ಟರಲ್ಲಿ ದೊಡ್ಡಮ್ಮನ ಕಣ್ಣಿಗೆ ಪೊರೆ ಬಂತು. ಪ್ರತಿ ಮಳೆಗಾಲ ನನ್ನನ್ನೇ ಕೇಳುವರು, "ಬಂದ್ವೇನೇ?" "ಮುಂದಿನ ಮಳೆಗೆ ಬರ್ತವೆ ದೊಡ್ಡಮ್ಮ" ಎನ್ನುತ್ತಿದ್ದೆ.

ನಾನು ತವರಲ್ಲಿ ಹೆತ್ತು, ಮಗುವನ್ನೆತ್ತಿಕೊಂಡು ಮರಳಿದಾಗ ಶ್ರಾವಣ. ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮ ಮಗುವಿನ ತಲೆ ಸವರಿದರು.

"ನಾರ್ತಾ ಇಲ್ವೇನೇ? ಹೋಗು, ನೋಡಿ ಬಂದು ನಂಗೆ ಹೇಳು. ಮೂಗು ಬೇಕಾದ್ರೆ ಮುಚ್ಕೋ."

ಮುಚ್ಚಿಕೊಳ್ಳಲಿಲ್ಲ. ಗೂಡುಗಳನ್ನು ನೋಡಿ ಬಂದು ಎಲ್ಲ ಹೇಳಿದೆ, ಅವರು ಮತ್ತೆ ಮತ್ತೆ ಹೇಳಿಸಿಕೊಂಡರು.

ಮರಿಗಳು ಹಾರುವ ಮುಂಚೆಯೇ ದೊಡ್ಡಮ್ಮ ಹೋದರು. ಆ ವರ್ಷ ಮಳೆಯೂ ಕೈಕೊಟ್ಟು, ತೂಬು ತೆಗೆಯಲೇಬೇಕೆಂದು ಊರವರು ಪಟ್ಟುಹಿಡಿದರು. ತೂಬಿನ ಕೆಳಗಿನ ಮೊದಲ ಗದ್ದೆ ದೊಡ್ಡಮ್ಮನ ಮಗನದು. ಅವನ ಪೈರೂ ಬಾಡುತ್ತಿತ್ತು. "ಬಾಣಂತೇರು ಎದ್ದು ಹೋಗ್ಲಿ, ಆಮೇಲೆ ತೆಗೆಯೋಣ ರೀ" ಎಂದ. ಮರಿಗಳು ಹಾರಿದ ಮೇಲೆಯೇ ತೂಬು ತೆಗೆದರು.

"ಅಜ್ಜೀ, ಒಳಗೆ ಬಾ, ಎಂಥಾ ನಾತ!" ಎಂದಳು ಮೊಮ್ಮಗಳು. ಬಾಣಂತಿ ಮನೆಯ ಮಾತು ಬಾಯಿಗೆ ಬಂತು. ದೊಡ್ಡಮ್ಮನ ಹಾಗೆ ನಗುತ್ತಾ, "ಮೂಗು ಬೇಕಾದ್ರೆ ಮುಚ್ಕೊಂಡು ಬಾ" ಎಂದು ಅವಳನ್ನೇ ಹೊರಗೆ ಕರೆದೆ.