ವನಸ್ಪತಿಯಿಲ್ಲದ ಚಿರೋಟಿ

ನನಗೆ ಸಿಟ್ಟು ಬೇಗ ಬರುತ್ತದೆ. ಅದರಲ್ಲೂ ಒರಾಂಗುಟಾನನ್ನು ಯಾರಾದರೂ ಕೋತಿ ಎಂದರೆ ಊಟದ ಮಧ್ಯದಲ್ಲೂ ತಟ್ಟೆ ಬದಿಗಿಟ್ಟು ತಿದ್ದಲು ಕೂರುತ್ತೇನೆ. ಕೋತಿಗೆ ಬಾಲವಿರುತ್ತದೆ, ಇದಕ್ಕಿಲ್ಲ. ಇದು ಗೊರಿಲ್ಲಾ, ಚಿಂಪಾಂಜಿಗಳ ಬಳಗ, ನಮಗೂ ದೂರದ ನೆಂಟ. "ನೆಂಟಸ್ತಿಕೆ ನಿಮ್ಮ ಮುಖ ನೋಡಿದ್ರೇ ಗೊತ್ತಾಗತ್ತೆ ಬಿಡಿ" ಎಂದು ಡೆಟ್ರಾಯ್ಟ್ ಪಕ್ಕದ ಪ್ಲಿಮತ್‌ನ ನಮ್ಮ ಸ್ನೇಹಿತರು ಕಾಲೆಳೆಯುತ್ತಾರೆ. ನನ್ನ ಗಂಡ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಇಂಜಿನಿಯರ್, ಸಮಾಧಾನದ ಮನುಷ್ಯ. ಯಾರ ಮನೆಗಾದರೂ ಊಟಕ್ಕೆ ಹೊರಟರೆ ಡ್ರೈವ್‌ವೇ ದಾಟುವ ಮುಂಚೆಯೇ ಬೇಡಿಕೊಳ್ಳುತ್ತಾರೆ: "ಇವತ್ತೊಂದಿನ ಬಾಲದ ವಿಷಯ ಬೇಡ ಕಣೇ."

ನನ್ನ ಕೆಲಸವೇ ಅದು, ಏನು ಮಾಡಲಿ? ತಾಯಿ ಕಳೆದುಕೊಂಡ ಒರಾಂಗುಟಾನ್ ಮರಿಗಳನ್ನು ಸಾಕಿ, ಕಾಡಿನ ಬದುಕು ಕಲಿಸಿ, ಬೋರ್ನಿಯೊ ದ್ವೀಪದ ಒಂದು ರಕ್ಷಿತ ಮಳೆಕಾಡಿಗೆ ಬಿಡುವ ಸಣ್ಣ ತಂಡವೊಂದಿದೆ. ಮರಿಗಳು ಕಲಿಯುವ ಜಾಗದಲ್ಲೂ ಆ ಕಾಡಿನಲ್ಲೂ ಮರಗಳಿಗೆ ಕಟ್ಟಿದ ಕ್ಯಾಮೆರಾಗಳ ವಿಡಿಯೊಗಳು ನನಗೆ ಬರುತ್ತವೆ. ಯಾವ ಪ್ರಾಣಿ ಎಲ್ಲಿತ್ತು, ಏನು ತಿಂದಿತು, ಗಾಯವೇನಾದರೂ ಆಗಿದೆಯೇ ಎಂದು ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ಹೊರಗೆ ಹಿಮ ಬೀಳುತ್ತಿರುತ್ತದೆ. ನನ್ನ ಬೇಸ್‌ಮೆಂಟಿನಲ್ಲಿ ಮಳೆಕಾಡಿನ ಜೀರುಂಡೆಗಳು ಕಿವಿ ತೂತಾಗುವ ಹಾಗೆ ಕೂಗುತ್ತಿರುತ್ತವೆ. ಇಂಥ ಸುಖದ ಕೆಲಸ ನನಗೆ ಸಿಕ್ಕೀತೆಂದು ನಾನು ಅಂದುಕೊಂಡೇ ಇರಲಿಲ್ಲ.

ಆ ವಿಡಿಯೊಗಳಿಗೆ ನನ್ನಷ್ಟೇ ಕಾಯುತ್ತಿದ್ದವರು ಇನ್ನೊಬ್ಬರಿದ್ದರು. ನಮ್ಮ ಪಕ್ಕದೂರು ಕ್ಯಾಂಟನ್‌ನಲ್ಲಿ ಮಗಳ ಮನೆಯಲ್ಲಿರುವ ಮೈಸೂರಿನ ಆಂಟಿ. ಎಪ್ಪತ್ತು ದಾಟಿದವರು. ಕಾರು ಓಡಿಸಲು ಬರುವುದಿಲ್ಲ, ಮೊಮ್ಮಕ್ಕಳ ಇಂಗ್ಲಿಷ್ ಅರ್ಧವಷ್ಟೇ ತಿಳಿಯುತ್ತದೆ. ಆದರೆ ಚಿರೋಟಿ ಮಾಡುವುದರಲ್ಲಿ ಡೆಟ್ರಾಯ್ಟಿನಿಂದ ಷಿಕಾಗೊವರೆಗೆ ಅವರನ್ನು ಮೀರಿಸುವವರಿಲ್ಲ. ನಮ್ಮ ಕನ್ನಡ ಕೂಟದ ದೀಪಾವಳಿಗೆ ಷಿಕಾಗೊ ಬಳಿಯ ಓಕ್ ಬ್ರೂಕ್‌ನ ಡಾಕ್ಟರಮ್ಮ ಒಬ್ಬರು ಪ್ರತಿ ವರ್ಷ ಖಾಲಿ ಡಬ್ಬಗಳನ್ನು ಕಾರಿನಲ್ಲಿಟ್ಟುಕೊಂಡೇ ಬರುತ್ತಾರೆ. 'ಚಿರೋಟಿ ಆಂಟಿ' ಎಂದರೆ ಗೊತ್ತಿಲ್ಲದವರಿಲ್ಲ. ಮಿಕ್ಕ ಕಡೆಯೆಲ್ಲ ಅವರು ಯಾರದೋ ತಾಯಿ, ಯಾರದೋ ಅಜ್ಜಿ. ಈ ದೇಶದಲ್ಲಿ ಅವರ ಸ್ವಂತದ್ದು ಎಂದು ಇದ್ದದ್ದು ಆ ಹೆಸರೊಂದೇ. ಹಾಗಾಗಿ ಗುಟ್ಟನ್ನೂ ಬಿಡುತ್ತಿರಲಿಲ್ಲ. ಪದರಗಳ ನಡುವೆ ಸವರುವ ಸಾಟಿಯನ್ನು ಕಲಸುವಾಗ ಮಗಳನ್ನು ಸಹ ಅಡುಗೆಮನೆಯಿಂದ ಆಚೆ ಕಳಿಸುತ್ತಿದ್ದರು. ಯಾರಾದರೂ ಅಳತೆ ಕೇಳಿದರೆ, "ಎಲ್ಲ ಕೈ ಅಂದಾಜು ಕಣಮ್ಮ" ಎಂದು ನಕ್ಕು ಮಾತು ಮುಗಿಸುತ್ತಿದ್ದರು.

ಶನಿವಾರ ಶನಿವಾರ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಮನೆಗೆ ಹೋಗುವುದು ರೂಢಿ. ಕೆಂಚು ಕೂದಲಿನ ಒಂದು ಹೆಣ್ಣುಮರಿಯನ್ನು ಆಂಟಿ ಬಹಳ ಹಚ್ಚಿಕೊಂಡಿದ್ದರು. ಒರಾಂಗುಟಾನ್‌ಗಳು ಸಂಜೆಯಾದರೆ ಮರದ ಮೇಲೆ ಕೊಂಬೆಗಳನ್ನು ಬಗ್ಗಿಸಿ, ಎಲೆ ಹಾಸಿ, ಹೊಸದಾಗಿ ಗೂಡು ಮಾಡಿಕೊಂಡು ಮಲಗುತ್ತವೆ. ವರ್ಷಗಟ್ಟಲೆ ತಾಯಿಯ ಜೊತೆಗಿದ್ದು ಕಲಿಯುವ ವಿದ್ಯೆ ಅದು. ತಾಯಿಯಿಲ್ಲದ ಮರಿಗಳಿಗೆ ಸಾಕುವವರೇ ಮರ ಹತ್ತಿ, ಕೊಂಬೆ ಬಗ್ಗಿಸಿ ತೋರಿಸಬೇಕು. ನಮ್ಮವಳು ಕೊಂಬೆ ಬಗ್ಗಿಸುವುದು, ಕೂರುವುದು, ಎಲ್ಲವೂ ಕಳಚಿ ಕೆಳಗಿನ ಕೊಂಬೆಗೆ ಜಾರುವುದು. "ಅಯ್ಯೋ, ಮತ್ತೆ ಬಿದ್ಲು!" ಎಂದು ಆಂಟಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಕೊನೆಗೆ ಅವಳು ಕಲಿತಳು. ಈ ವರ್ಷದ ಬೇಸಿಗೆಯಲ್ಲಿ ರಕ್ಷಿತ ಕಾಡಿಗೆ ಬಿಟ್ಟದ್ದೂ ಆಯಿತು. ಆವತ್ತು ಆಂಟಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ ನನಗೆ ಪಾಯಸ ಬಡಿಸಿದರು.

ಆ ಖುಷಿಯಲ್ಲೇ ಒಂದು ಮಾತು ತಂದರು. ಈ ದೀಪಾವಳಿಯಲ್ಲಿ ಚಿರೋಟಿ ಮಾರಿ ಬಂದ ಹಣವೆಲ್ಲ ಆ ಕಾಡಿನ ಕಾವಲುಗಾರರಿಗೆ ಹೋಗಲಿ ಎಂದು. ಕೂಟದವರು ಒಪ್ಪಿದರು. ಭರತನಾಟ್ಯ ಮತ್ತು ಅಂತ್ಯಾಕ್ಷರಿಯ ನಡುವೆ ನನಗೊಂದು ಸಣ್ಣ ಭಾಷಣಕ್ಕೆ ಅವಕಾಶ ಕೊಟ್ಟರು.

ಭಾಷಣದ ಚಿತ್ರಗಳನ್ನು ಮೊದಲು ಆಂಟಿಗೇ ತೋರಿಸಿದೆ. ಅವರು ಅಡುಗೆಕಟ್ಟೆಯ ಮೇಲೆ ಮೊದಲ ಕಂತಿನ ಹಿಟ್ಟು ಲಟ್ಟಿಸುತ್ತಿದ್ದರು. ಒಂದು ಚಿತ್ರದಲ್ಲಿ ಕಾಡು ಸವರಿ ನೆಟ್ಟ ತಾಳೆ ಗಿಡಗಳ ಸಾಲು, ಕಣ್ಣು ಹಾಯುವವರೆಗೆ.

"ನಮ್ಮ ಹುಡುಗಿ ಹುಟ್ಟಿದ ಕಾಡು ಇಲ್ಲೇ ಇತ್ತು ಆಂಟಿ. ಈಗ ಪಾಮ್ ಆಯಿಲ್ ತೋಟ."

"ಅಷ್ಟೊಂದು ಎಣ್ಣೇನ ಯಾರು ತಿಂತಾರೆ?"

"ಬಿಸ್ಕತ್ತಿಗೆ, ಸೋಪಿಗೆ, ಲಿಪ್‌ಸ್ಟಿಕ್ಕಿಗೆ..." ನಾನು ಅಲ್ಲಿಗೇ ನಿಲ್ಲಿಸಿದೆ. ಅವರ ಮೊಣಕೈ ಪಕ್ಕದಲ್ಲೇ ವನಸ್ಪತಿಯ ದೊಡ್ಡ ಡಬ್ಬ ಬಾಯಿ ತೆರೆದುಕೊಂಡಿತ್ತು. ಅವರ ಗುಟ್ಟು ನನಗೆ ತಿಳಿದದ್ದು ಆಗಲೇ: ಸಾಟಿಯೂ ಅದರದ್ದೇ, ಕರಿಯುವುದೂ ಅದರಲ್ಲೇ.

ಆಂಟಿ ನನ್ನ ಕಣ್ಣು ಹೋದ ಕಡೆ ನೋಡಿದರು. "ಇದೂನಾ?"

"ಹೂಂ ಆಂಟಿ. ಇದೂ ಅದೇ."

ಲಟ್ಟಣಿಗೆ ನಿಂತಿತು. ಆಮೇಲೆ ನಡೆದದ್ದನ್ನು ನೆನೆದರೆ ನನಗೇ ನಗು ಬರುತ್ತದೆ. ಅಂಗಡಿಗಳಲ್ಲಿ ಸಿಕ್ಕಸಿಕ್ಕವರಿಗೆ ಪಾಮ್ ಆಯಿಲ್ ಪಾಠ ಹೇಳುವ ನಾನು ಆ ಡಬ್ಬದ ವಕೀಲಳಾಗಿಬಿಟ್ಟೆ. ಒಂದು ಡಬ್ಬದಿಂದ ಏನೂ ಆಗುವುದಿಲ್ಲ ಎಂದೆ. ಮುಂದಿನ ವರ್ಷದಿಂದ ಬಿಟ್ಟರಾಯಿತು ಎಂದೆ. ಕಾಡು ಕಡಿಯದೆ ಬೆಳೆದ ಪಾಮ್ ಆಯಿಲ್ ಕೂಡ ಸಿಗುತ್ತದೆ, ಹುಡುಕಿ ತರುತ್ತೇನೆ ಎಂದೆ. ವನಸ್ಪತಿಯಿಲ್ಲದೆ ಅವರ ಚಿರೋಟಿ ಕೆಟ್ಟರೆ, ಇಷ್ಟು ಜನರ ಮುಂದೆ ಆಂಟಿಯ ಮುಖ ಬಾಡಿದರೆ, ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ನನಗೆ ಅವರೆಂದರೆ ಅಷ್ಟು ಇಷ್ಟ.

"ಅವಳ ಹೆಸರು ಹೇಳ್ಕೊಂಡು ಮಾರಿ, ಅವಳ ಮನೇನೇ ಕರಿದು ಹಾಕ್ಲಾ?" ಎಂದವರೇ ಆಂಟಿ ಡಬ್ಬದ ಮುಚ್ಚಳ ಒತ್ತಿ ಮುಚ್ಚಿದರು. "ತುಪ್ಪ ತೊಗೊಂಬಾ."

ತುಪ್ಪ ತಂದೆ. ತುಪ್ಪದ ಸಾಟಿ ಮನೆಯೊಳಗಿನ ಕಾವಿಗೆ ಕರಗಿ ಪದರಗಳೆಲ್ಲ ಅಂಟಿಕೊಂಡವು. ಬಾಣಲೆಗೆ ಬಿಟ್ಟರೆ ಪೂರಿಯಂತೆ ಉಬ್ಬಿತು. ಫ್ರಿಜ್ಜಿನಲ್ಲಿಟ್ಟು ಲಟ್ಟಿಸಿದರೆ ಹರಿಯಿತು. ಅಳಿಯ ಪಾಪ ಹೀಟರನ್ನು ಅರವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿದ, ಮೊಮ್ಮಕ್ಕಳು ಮನೆಯೊಳಗೆ ಜಾಕೆಟ್ ಹಾಕಿಕೊಂಡು ಓಡಾಡುತ್ತಾ, "ಅಜ್ಜಿ, ಇಟ್ಸ್ ಸ್ಟಿಲ್ ಗುಡ್!" ಎಂದು ಕೆಟ್ಟದ್ದನ್ನೆಲ್ಲ ಸಕ್ಕರೆಪುಡಿ ಉದುರಿಸಿಕೊಂಡು ತಿಂದು ಮುಗಿಸಿದರು. ಬೆಣ್ಣೆ ಬೆರೆಸಿದ್ದಾಯಿತು, ಅಕ್ಕಿಹಿಟ್ಟು ಹೆಚ್ಚಿಸಿದ್ದಾಯಿತು, ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದದ್ದಾಯಿತು. ಹಬ್ಬದ ಹಿಂದಿನ ದಿನ ಆದದ್ದು ಚಿರೋಟಿಯೇ ಹೌದು. ಆದರೆ ಪದರಗಳು ಬಿಚ್ಚಿಕೊಳ್ಳದೆ ಮುದುಡಿ ಕೂತಿದ್ದವು. ಮಗಳು, "ಅಮ್ಮ, ಈ ಸಲ ಕೇಟರಿಂಗ್‌ಗೆ ಹೇಳಿಬಿಡೋಣ" ಎಂದಳು. ಆಂಟಿ ಅವನ್ನೇ ಒಂದೊಂದಾಗಿ ತಟ್ಟೆಗೆ ಜೋಡಿಸುತ್ತಿದ್ದರು.

ಪ್ರತಿ ವರ್ಷ ಆಂಟಿ ಒಳಗಿನ ಅಡುಗೆಮನೆಯಲ್ಲಿದ್ದು ತಟ್ಟೆಗಳನ್ನು ಹೊರಗೆ ಕಳಿಸುತ್ತಿದ್ದರು. ಈ ಸಲ ಮೇಜಿನ ಹಿಂದೆ ತಾವೇ ಬಂದು ನಿಂತರು, ಹಸಿರು ಮೈಸೂರು ರೇಷ್ಮೆ ಸೀರೆ ಉಟ್ಟುಕೊಂಡು. ಭಾಷಣದಲ್ಲಿ ನಾನು ಮಳೆಕಾಡು ತೋರಿಸಿದೆ, ಗೂಡು ಕಟ್ಟುವವಳನ್ನು ತೋರಿಸಿದೆ, ತಾಳೆಯ ಸಾಲನ್ನೂ ತೋರಿಸಿದೆ. ಅಡುಗೆಯ ವಿಷಯ ಎತ್ತಬಾರದೆಂದು ನಿರ್ಧರಿಸಿದ್ದೆ, ಎತ್ತಲಿಲ್ಲ. ಇಳಿದು ಬರುವಷ್ಟರಲ್ಲಿ ಮೇಜಿನ ಮುಂದೆ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ಡಬ್ಬಗಳ ಸಮೇತ ಓಕ್ ಬ್ರೂಕ್‌ನ ಡಾಕ್ಟರ್.

ಅವರು ಒಂದು ತುಂಡು ಮುರಿದು ಬಾಯಿಗಿಟ್ಟರು. ಹುಬ್ಬು ಗಂಟಾಯಿತು. "ಏನ್ ಆಂಟಿ, ಈ ಸಲ ಗರಿಗರಿಯಾಗಿ ಬಂದಿಲ್ವಲ್ಲ?"

ಸಾಲಿನಲ್ಲಿ ಹಿಂದಿದ್ದವರು ಕತ್ತು ಚಾಚಿ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ನಾಲ್ಕು ಮಾತು ಆಡಿಯೇ ಬಿಡೋಣವೆಂದು ಮುಂದೆ ಹೆಜ್ಜೆಯಿಟ್ಟೆ. ಆಂಟಿ ಕಣ್ಣಿನಲ್ಲೇ ನನ್ನನ್ನು ತಡೆದರು.

"ಇಲ್ಲ ಕಣಮ್ಮ, ಬಂದಿಲ್ಲ" ಎಂದರು, ಎಲ್ಲರಿಗೂ ಕೇಳುವ ಹಾಗೆ. "ಇಷ್ಟು ವರ್ಷ ವನಸ್ಪತಿ ಹಾಕ್ತಿದ್ದೆ. ಅದೇ ನನ್ನ ಗುಟ್ಟು. ಅದು ಆ ಮರಿಗಳ ಕಾಡು ಕಡಿದು ಮಾಡಿದ ಎಣ್ಣೆಯಂತೆ. ಇನ್ಮೇಲೆ ಹಾಕಲ್ಲ."

ಡಾಕ್ಟರ್ ಕೈಯಲ್ಲಿದ್ದ ಚಿರೋಟಿಯನ್ನು ನೋಡಿದರು, ಆಂಟಿಯನ್ನು ನೋಡಿದರು. ನಿಧಾನವಾಗಿ ಉಳಿದದ್ದನ್ನೂ ತಿಂದರು. ಆಮೇಲೆ ಡಬ್ಬಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, "ತುಂಬ್ಸಿ" ಎಂದರು. "ನಮ್ಮನೇಲೂ ಅದನ್ನ ಬಿಡ್ತೀನಿ. ಆದ್ರೆ ಅದಿಲ್ದೆ ಪದರ ಬರೋ ಹಾಗೆ ಹೇಗ್ ಮಾಡೋದು ಆಂಟಿ? ಈ ಸಲ ಆದ್ರೂ ಹೇಳ್ಕೊಡಿ."

"ನಂಗೂ ಬರಲ್ಲ ಕಣೇ" ಎಂದರು ಚಿರೋಟಿ ಆಂಟಿ. ಮುಖದ ತುಂಬ ನಗು. "ಶನಿವಾರ ಮನೆಗೆ ಬಾ. ಒಟ್ಟಿಗೆ ಕೆಡಿಸೋಣ."