ಗೀತಮ್ಮನ ಮಡಿಲಲ್ಲಿ ಹೆಣವಾಗಿ

ಗೀತಮ್ಮ ಮೊದಲ ಸಲ ನಮ್ಮ ಮನೆಗೆ ಬಂದಾಗ, ನನಗೆ ಹೆಣ್ಣು ಕೊಡುವ ಕಡೆಯವರು ಎಂದುಕೊಂಡೆ. ತಪ್ಪು ಪೂರ್ತಿ ನನ್ನದಲ್ಲ. ಆ ವಾರವಷ್ಟೇ ಅವ್ವ ನೆಂಟರೊಬ್ಬರಿಗೆ ನನ್ನ ಫೋಟೋ ಕಳಿಸಿದ್ದಳು. ಫೋಟೋದಲ್ಲಿ ನಾನು ಯೂನಿಫಾರಂ ಹಾಕಿದ್ದೆ, ನೋಡಿದವರು ಪೊಲೀಸ್ ಅಂದುಕೊಳ್ಳಲಿ ಎಂಬ ದುರಾಸೆಯಿಂದ. ನಿಜದಲ್ಲಿ ನಾನು ಉಳ್ಳಾರ್ತಿ ಕಾವಲಿನ ಬಯಲಲ್ಲಿರುವ ಒಂದು ಕ್ಯಾಂಪಸ್ಸಿನ ಗೇಟಿನಲ್ಲಿ ಕಂತ್ರಾಟು ಸೆಕ್ಯುರಿಟಿ. ಒಳಗೆ ವಿಜ್ಞಾನ ನಡೆಯುತ್ತದೆ; ಹೊರಗೆ ನಾನು ಗೇಟಿನ ಅಡ್ಡಕಂಬ ಎತ್ತುತ್ತೇನೆ, ಇಳಿಸುತ್ತೇನೆ.

ಮೊಳಕಾಲ್ಮೂರು ಕಡೆಯ, ಐವತ್ತು ದಾಟಿದ ಹೆಂಗಸು. ಮಾಸಿದ ರೇಷ್ಮೆ ಸೀರೆ, ನೆಟ್ಟಗಿನ ಬೆನ್ನು. ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ತೂಕ ಎಷ್ಟಿದ್ದೀಯ ನಾಯ್ನಾ?”

“ಅರವತ್ತೆಂಟು.”

“ದೇವುಡಾ! ಎಲ್ಲಿ, ಚಾಪೆ ಮ್ಯಾಲೆ ಮಲಗು.”

ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದ ಅವ್ವ ಒಳಗಿನಿಂದ ಇಣುಕಿ, “ಮಲಗಲೇ, ದೊಡ್ಡೋರು ಹೇಳ್ತಾವ್ರೆ” ಎಂದಳು. ಮಲಗಿದೆ. ಮೊಳಕಾಲ್ಮೂರು ಕಡೆ ಸಂಬಂಧ ನೋಡುವ ಪದ್ಧತಿಯೇ ಹೀಗಿರಬಹುದು. ಗೀತಮ್ಮ ನನ್ನ ತಲೆ ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು, ಅತ್ತಿತ್ತ ಹೊರಳಿಸಿ ನೋಡಿದರು.

“ತಲೆ ಭಾರ ಐತೆ. ಒಳಗೇನೂ ಇರಂಗಿಲ್ಲ, ಬರೀ ಮೂಳೆ.”

ಅಷ್ಟರಲ್ಲಿ ನಮ್ಮ ಊರ ನಾಟಕದ ಯಜಮಾನ ಕಾಮಣ್ಣ ಬಂದು, “ಇವ್ನೇ ನೋಡಕ್ಕಾ ನಿನ್ನ ಮಗ!” ಎಂದಮೇಲೆ ನನ್ನ ಮದುವೆ ಅಲ್ಲಿಗೇ ಮುರಿದುಬಿತ್ತು.

ನಮ್ಮ ದೊಡ್ಡಉಳ್ಳಾರ್ತಿಯ ನಾಟಕದಲ್ಲಿ ಗಂಡಸರ ಪಾರ್ಟೆಲ್ಲ ಊರವರದೇ. ಹೆಂಗಸರ ಪಾರ್ಟಿಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ನಾವು ಮೂರು ತಿಂಗಳು ಕಲಿತು ಮರೆಯುವುದನ್ನು ಅವರು ಕೊನೆಯ ತಾಲೀಮಿಗೆ ಬಂದು ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಮಾತು ನೆನಪಿಡಲಾಗದ ನನಗೆ ಮೂರನೇ ಸೀನಿನಲ್ಲೇ ಸಾಯುವ ಮಗನ ಪಾರ್ಟು ಕೊಟ್ಟಿದ್ದರು. ಸತ್ತ ಮೇಲೆ ತಾಯಿಯ ಮಡಿಲಲ್ಲಿ ಮಲಗಬೇಕು; ಆಕೆ ಹಾಡಬೇಕು. ಭಾರ ಹೊತ್ತು ಕೂತರೆ ಉಸಿರು ಎಷ್ಟು ಉಳಿಯುತ್ತದೆ ಎಂದು ಗೀತಮ್ಮ ಮುಂಚೆಯೇ ನೋಡಲು ಬಂದಿದ್ದರು.

ಆ ತಾಯಿಯ ಪಾರ್ಟಿಗೆ ಮೊದಲು ಗೊತ್ತು ಮಾಡಿದ್ದ ಹುಡುಗಿಗೆ ಟೈಫಾಯಿಡ್ ಬಂದದ್ದರಿಂದ ಕಾಮಣ್ಣ ಇವರನ್ನು ಕರೆದಿದ್ದ. ಆದರೆ ಒಂದು ಮಾತನ್ನು ಮುಚ್ಚಿಟ್ಟಿದ್ದ. ನಮಗೆ ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ನಾಗೇಂದ್ರಪ್ಪ ಮೇಷ್ಟ್ರಿಗೆ ಇವರು ಬರುವ ಸುದ್ದಿಯನ್ನೇ ಹೇಳಿರಲಿಲ್ಲ.

ಕಾರಣ ಹಳೆಯದು. ಎಷ್ಟೋ ವರ್ಷದ ಹಿಂದೆ ಪರಶುರಾಂಪುರದ ಒಂದು ನಾಟಕದಲ್ಲಿ ಇಂಥದೇ ಸೀನು. ಗೀತಮ್ಮ ಸತ್ತ ಮಗನಿಗಾಗಿ ಹಾಡುತ್ತಿದ್ದರಂತೆ. ಸಾಲು ಸಾಲಿನ ನಡುವೆ ನಾಗೇಂದ್ರಪ್ಪ ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ತಮ್ಮ ಕೈಚಳಕ ತೋರಿಸಲು ಶುರುಮಾಡಿದರು. ಜನ ಅವರಿಗೆ ಒನ್ಸ್ ಮೋರ್ ಅಂದರು. ಮೇಷ್ಟ್ರು ಇನ್ನಷ್ಟು ಎಳೆದರು. ಗೀತಮ್ಮ ಕಾದು ಕಾದು, ಮೈಕಿಗೆ ಬಾಯಿಟ್ಟು ಹೇಳಿದರು: “ಮೇಷ್ಟ್ರೇ, ಸತ್ತಿರೋನು ನನ್ನ ಮಗ. ನಿಮ್ಮ ಮೆರವಣಿಗೆ ಮುಗಿದ ಮ್ಯಾಲೆ ಹೇಳ್ರಿ, ಅಳ್ತೀನಿ.”

ಊರಿಗೆ ಊರೇ ನಕ್ಕಿತು. ಮೇಷ್ಟ್ರು ಪೆಟ್ಟಿಗೆ ಮುಚ್ಚಿ ಎದ್ದು ಹೋದರು.

ಯಾವ ಕಲಾವಿದೆಯನ್ನು ಕರೆಯಬೇಕೆಂದು ಊರಿನವರಿಗೆ ಹೇಳುವುದು ಮೇಷ್ಟ್ರುಗಳೇ. ನಾಗೇಂದ್ರಪ್ಪ ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಹೆಸರು ಎತ್ತುವುದನ್ನೇ ಬಿಟ್ಟರು. ಅವರನ್ನು ನೋಡಿ ಉಳಿದ ಮೇಷ್ಟ್ರುಗಳೂ ಬಿಟ್ಟರು. ಗೀತಮ್ಮ ಮೊಳಕಾಲ್ಮೂರಿನ ಮನೆಯಲ್ಲಿ ಅಣ್ಣನ ಮಗ್ಗಕ್ಕೆ ರೇಷ್ಮೆ ನೂಲು ಸುತ್ತುತ್ತಾ ಉಳಿದುಬಿಟ್ಟರು.

“ಈಗಲೂ ಆ ನಾಗೇಂದ್ರಪ್ಪ ಆಗಲ್ಲ ಅಂದ್ರೆ ಮುಗೀತು” ಎಂದರು ಗೀತಮ್ಮ, ನಮ್ಮ ಮನೆಯ ಉಪ್ಪಿಟ್ಟು ತಿನ್ನುತ್ತಾ. “ಇನ್ಯಾರೂ ಕರೆಯಂಗಿಲ್ಲ. ಅವ್ನ ಪೆಟ್ಟಿಗೆ ಮುಂದೆ ಒಂದು ಸಲ ಹಾಡಿದೆ ಅಂದ್ರೆ, ನಾಕೂರಿಗೆ ಗೊತ್ತಾಗ್ತೈತೆ, ಗೀತ ಇನ್ನೂ ಅವ್ಳೆ ಅಂತ.”

ಭಾನುವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ತಾಲೀಮು. ಮೇಷ್ಟ್ರು ಬಂದರು, ಗೀತಮ್ಮನನ್ನು ನೋಡಿದರು. ತಿರುಗಿ ಹೋಗುತ್ತಾರೆಂದೇ ಎಲ್ಲರೂ ಅಂದುಕೊಂಡೆವು. ಅವರು ಕೂತು, ಶಲ್ಯದಿಂದ ಪೆಟ್ಟಿಗೆಯ ಧೂಳು ಒರೆಸತೊಡಗಿದರು. ಇಲ್ಲದ ಧೂಳನ್ನು ಬಹಳ ಹೊತ್ತು ಒರೆಸಿದರು.

“ಕಾಮಣ್ಣ, ಶ್ರುತಿ ಯಾವುದು ಕೇಳು.”

ಗೀತಮ್ಮ ಕೂತಿದ್ದು ಮಾರು ದೂರದಲ್ಲಿ. “ಕಾಮಣ್ಣ, ಹಳೇದೇ ಅಂತ ಹೇಳು.”

“ಹಳೇದೇ ಅಂತೆ ಮೇಷ್ಟ್ರೇ.”

“ಕೇಳಿಸ್ತು ಬಿಡಲೇ, ನಾನೇನ್ ಕಿವುಡನಾ?”

ನಾನು ಸತ್ತೆ. ಗೀತಮ್ಮ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು, “ಹೆಣ ಆಗೋದೂ ಕೆಲಸಾನೇ. ರೆಪ್ಪೆ ಅಲುಗಿತೋ, ಕಿವಿ ಹಿಂಡ್ತೀನಿ” ಎಂದು ಪಿಸುಗುಟ್ಟಿದರು. ಮೂಗಿನ ಮೇಲೆ ನೊಣ ಕೂತಿತು. ತಡೆದುಕೊಂಡೆ. ಜೀವನದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಬೇರೊಂದಿಲ್ಲ.

ಹಾಡು ಶುರುವಾಯಿತು. ಮೊದಲ ಸಾಲು ಸೊಗಸಾಗಿ ಬಂತು. ಮೇಲಿನ ಸಾಲಿಗೆ ಏರುವಾಗ ದನಿ ಸೀಳಿತು. ಇನ್ನೊಮ್ಮೆ ಏರಿದರು; ಮತ್ತೆ ಸೀಳಿತು. ನನ್ನ ಹಣೆಯ ಮೇಲಿದ್ದ ಅವರ ಅಂಗೈ ತಣ್ಣಗಾಯಿತು.

ಪೆಟ್ಟಿಗೆ ನಿಂತಿತು. ಪರೀಕ್ಷೆಗೆಂದು ಹಾಕಿದ್ದ ಮೈಕು ಮೇಷ್ಟ್ರ ಮುಂದೆಯೇ ಇತ್ತು. ಅಂಗಳದ ತುಂಬ ಊರ ಜನ. ಅಂದಿನ ಮಾತಿನ ಸೇಡು ತೀರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಒಂದು ಕಣ್ಣು ಸ್ವಲ್ಪವೇ ತೆರೆದು ನೋಡಿದೆ. ಮೇಷ್ಟ್ರು ಮೈಕನ್ನು ಪಕ್ಕಕ್ಕೆ ತಿರುಗಿಸಿದರು.

“ಕಾಮಣ್ಣ, ಈ ಪೆಟ್ಟಿಗೆ ಬಿಸಿಲಿಗೆ ಕೆಟ್ಟೈತೆ. ಮೇಲಿನ ಸ್ವರದ ಮನೆ ಸರಿಯಾಗಿ ನುಡೀತಿಲ್ಲ. ಶ್ರುತಿ ಒಂದು ಮನೆ ಇಳಿಸಿ ನುಡಿಸ್ತೀನಿ ಅಂತ ಹೇಳು.”

ಅದು ಸುಳ್ಳು ಎಂದು ಮೇಷ್ಟ್ರ ಜೊತೆ ತಬಲಕ್ಕೆ ಕೂತಿದ್ದವನಿಗೂ ಗೊತ್ತು, ಹೆಣಕ್ಕೂ ಗೊತ್ತು. ಕಾಮಣ್ಣ ಆ ಮಾತನ್ನು ಸಾಗಿಸಲು ಬಾಯಿ ತೆರೆಯುವಷ್ಟರಲ್ಲಿ ಗೀತಮ್ಮ ನೇರವಾಗಿ ಮೇಷ್ಟ್ರನ್ನೇ ನೋಡಿ ಹೇಳಿದರು:

“ತಪ್ಪು ಪೆಟ್ಟಿಗೆ ಮ್ಯಾಲೆ ಹಾಕಬ್ಯಾಡ್ರಿ ಮೇಷ್ಟ್ರೇ. ನನ್ನ ಗಂಟಲೇ ಇಳಿದೈತೆ. ಎರಡು ಮನೆ ಇಳಿಸ್ರಿ.”

ಮೇಷ್ಟ್ರು ತಲೆಯಾಡಿಸಿದರು. ಎರಡು ಮನೆ ಇಳಿಸಿದರು. ಈ ಸಲ ಸಾಲುಗಳ ನಡುವೆ ಅವರ ಬೆರಳು ಎಲ್ಲೂ ಮುಂದೆ ಓಡಲಿಲ್ಲ. ಆಕೆ ಉಸಿರು ತೆಗೆದುಕೊಳ್ಳುವವರೆಗೆ ಒಂದೇ ಸ್ವರ ಹಿಡಿದು ಕಾದರು. ಕೆಳಗಿನ ಶ್ರುತಿಯಲ್ಲಿ ಆ ಹಾಡು ಬೇರೆಯೇ ಆಯಿತು. ಮಗ ಸತ್ತ ಮನೆಯಲ್ಲಿ ಯಾರೂ ಎತ್ತರದ ದನಿಯಲ್ಲಿ ಹಾಡುವುದಿಲ್ಲವಲ್ಲ. ನನ್ನ ಕಣ್ಣಲ್ಲಿ ನೀರು ಬಂದು ಕಿವಿಗೆ ಇಳಿಯಿತು. ಗೀತಮ್ಮ ಹಾಡು ನಿಲ್ಲಿಸದೆ, ಸೆರಗಿನಿಂದ ನನ್ನ ಮುಖ ಮುಚ್ಚಿದರು. ಆಮೇಲೆ ಕಿವಿ ಹಿಂಡಿದ್ದೂ ನಿಜ.

ನಾಟಕ ಚೆನ್ನಾಗಿಯೇ ಆಯಿತು. ಅಳುವ ಹೆಣ ಬೇಕೆಂದು ಜನ ಕೇಳದಿದ್ದರಿಂದ ನನಗೆ ಒನ್ಸ್ ಮೋರ್ ಬರಲಿಲ್ಲ. ಬೆಳಿಗ್ಗೆ ಬಣ್ಣ ತೊಳೆದುಕೊಂಡು ಹೊರಟಿದ್ದ ಗೀತಮ್ಮನ ಹತ್ತಿರ ಮೇಷ್ಟ್ರು ಬಂದು, ಬೇವಿನ ಮರದ ಕಡೆ ನೋಡುತ್ತಾ ಹೇಳಿದರು: “ಮುಂದಿನ ಸೋಮವಾರ ಪರಶುರಾಂಪುರದಲ್ಲಿ ತಾಲೀಮು. ತಡ ಮಾಡಬ್ಯಾಡ.”

“ನಾನ್ಯಾವತ್ತು ತಡ ಮಾಡೀನಿ?” ಎಂದರು ಗೀತಮ್ಮ, ಬ್ಯಾಗು ಎತ್ತಿಕೊಳ್ಳುತ್ತಾ.

ಅಷ್ಟೇ. ಇಬ್ಬರೂ ಕ್ಷಮೆ ಕೇಳಲಿಲ್ಲ, ನಗಲೂ ಇಲ್ಲ. ಗೀತಮ್ಮನನ್ನು ಬೈಕಿನಲ್ಲಿ ಚಳ್ಳಕೆರೆ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಅವರು ಹಿಂದೆ ಕೂತು ಅದೇ ಹಾಡನ್ನು ಕೆಳಗಿನ ಶ್ರುತಿಯಲ್ಲಿ ಗುನುಗುತ್ತಿದ್ದರು. ಮೊಳಕಾಲ್ಮೂರಿನ ಬಸ್ಸು ಬರುವವರೆಗೆ ಟೀ ಕುಡಿಯುತ್ತಾ ನಿಂತಾಗ, ಕೇಳಬಾರದೆಂದುಕೊಂಡಿದ್ದು ಬಾಯಿಗೆ ಬಂದೇಬಿಟ್ಟಿತು.

“ಅಕ್ಕಾ, ಇಷ್ಟು ವರ್ಷ ಸುಮ್ನೆ ಹೋಯ್ತಲ್ಲ. ಅವತ್ತು ಮೇಷ್ಟ್ರಿಗೆ ಆ ಮಾತು ಅಂದಿದ್ದು ತಪ್ಪು ಅಂತ ಯಾವತ್ತೂ ಅನ್ನಿಸ್ಲಿಲ್ವಾ?”

ಗೀತಮ್ಮ ಟೀಯ ಕೊನೆಯ ಗುಟುಕು ಕುಡಿದು, ಲೋಟವನ್ನು ಅಂಗಡಿಯ ಕಟ್ಟೆಯ ಮೇಲಿಟ್ಟರು.

“ಅಂದಿದ್ದು ಸರಿನೇ ಐತೆ. ಮೈಕಿನಾಗೆ ಅಂದಿದ್ದು ಕತ್ತೆ ಕೆಲಸ.”