ಇಂಜಿನ್ ಮನೆಯೊಳಗೆ ಹಚ್ಚಿದ ಸಿಂಧೂರ

ಶನಿವಾರ ತಪ್ಪದೆ ಹನುಮಪ್ಪನಿಗೆ ದೀಪ ಹಚ್ಚುವ ನನ್ನ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಶೈಲಾಳ ನಮಸ್ಕಾರ. ಕಾಯಿಲೆ, ಗಂಡಾಂತರಗಳಿಂದ ಪಾರಾದವರ ಅನುಭವಗಳನ್ನು ಈ ಪುಟಗಳಲ್ಲಿ ಓದಿ ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದೇನೆ. ನನ್ನದು ಒಂದು ಹಳೆಯ ಗಾಡಿಯ ಕಥೆ. ನಗು ಬಂದರೆ ನಕ್ಕುಬಿಡಿ, ಹನುಮಪ್ಪನೂ ನಕ್ಕಿರುತ್ತಾನೆ.

ನಾವು ಧಾರವಾಡದ ಕಡೆಯವರು. ನಮ್ಮ ಮನೆಯವರ ನೌಕರಿ ನಾಗಪುರದ ಸರಕಾರಿ ಕಾರ್ಖಾನೆಯಲ್ಲಿ, ಮನೆ ಕನ್ಹಾನ್‌ನಲ್ಲಿ. ಈ ಚಳಿಗಾಲದಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಬದಲಿಸಬೇಕಾಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಡಾಕ್ಟರು ಖಂಡಿತವಾಗಿ ಹೇಳಿದರು: ವಾರವಾರವೂ ನಾಗಪುರದ ಧಂತೋಲಿಯಲ್ಲಿರುವ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡಬೇಕು, ಇಲ್ಲವಾದರೆ ಕಾಲು ಬಿಗಿದುಕೊಳ್ಳುತ್ತದೆ. ತಗ್ಗಿನ ಸೀಟಿನಲ್ಲಿ ಮಾತ್ರ ಕೂರಲೇಬಾರದು.

ಬಾಡಿಗೆಗೆ ಸಿಗುವ ಕಾರುಗಳೆಲ್ಲ ತಗ್ಗು. ನಮ್ಮ ಹಳೆಯ ಎಸ್‌ಯುವಿಯ ಸೀಟು ಊಟದ ಕುರ್ಚಿಯಷ್ಟು ಎತ್ತರ. ಬಾಗಿಲ ಬಳಿ ಒಂದು ಮರದ ಮಣೆ ಇಟ್ಟರೆ ಅತ್ತೆ ಹಿಂದುಹಿಂದಾಗಿ ಹತ್ತಿ ಮಹಾರಾಣಿಯಂತೆ ಕೂರುತ್ತಿದ್ದರು. ಅಂಥ ಗಾಡಿಯ ಇಂಜಿನ್ ಫೆಬ್ರವರಿಯಲ್ಲಿ ಹಿಡಿದುಕೊಂಡು ನಿಂತೇ ಹೋಯಿತು.

ಕಳಮನಾ ಮಾರುಕಟ್ಟೆಯ ಹತ್ತಿರ ದತ್ತು ಎಂಬ ಮೆಕ್ಯಾನಿಕ್ ಇದ್ದಾನೆ. ಅಪಘಾತದಲ್ಲಿ ಜಖಂ ಆದ ಅದೇ ಮಾದರಿಯ ಗಾಡಿಯ ಇಂಜಿನ್ ತರಿಸಿ ನಮ್ಮದಕ್ಕೆ ಕೂರಿಸಲು ಒಪ್ಪಿಕೊಂಡ. ಬಾನೆಟ್ಟಿನ ಕೆಳಗೆಲ್ಲ ಹೊಸದಾಗಿ ಕಪ್ಪು ಬಣ್ಣ ಹೊಡೆಸಿದರು. ಇಂಜಿನ್ ಕೂತ ದಿನ ಅತ್ತೆ ಹಟ ಹಿಡಿದು ತಾವೂ ಬಂದರು, ದತ್ತುವೇ ತನ್ನ ಟೆಂಪೋದ ಎತ್ತರದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ. "ಹನುಮಪ್ಪನ ಸಿಂಧೂರ ಹಚ್ಚೂತನಕ ಕೀಲಿ ತಿರುವಬ್ಯಾಡ್ರಿ" ಎಂದು ಅಪ್ಪಣೆಯಾಯಿತು. ದತ್ತು ಚಹಾ ಕುಡಿಯಲು ಹೋಗಿದ್ದ. ಆ ಕರಿ ಬಣ್ಣದ ನಡುವೆ ಒಂದೇ ಒಂದು ಕಡೆ, ರೂಪಾಯಿ ಅಗಲದ ಜಾಗ ಉಜ್ಜಿದ ಬೆಳ್ಳಿಯಂತೆ ಹೊಳೆಯುತ್ತಿತ್ತು. "ಹಣಿ ಇದ್ದಂಗ ಐತಿ ನೋಡವಾ" ಎಂದು ಅತ್ತೆ ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಅಲ್ಲಿಗೇ ದಪ್ಪಗೆ ಮೆತ್ತಿದರು. ತಟ್ಟೆ ಹಿಡಿದು ನಿಂತವಳು ನಾನೇ.

ಗಾಡಿ ಮನೆಗೆ ಬಂತು. ಅಲ್ಲಿಂದ ಶುರುವಾಯಿತು ಅದರ ಆಟ. ಹೆಡ್‌ಲೈಟ್ ಹಾಕಿದರೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುವುದು. ಇಂಡಿಕೇಟರ್ ಹಾಕಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪಗಳೆಲ್ಲ ಒಟ್ಟಿಗೆ ಕಣ್ಣು ಮಿಟುಕಿಸುವುದು. ಕೀಲಿ ತಿರುವಿದರೆ ಒಮ್ಮೆ ಶುರು, ಮೂರು ಸಲ ಮೌನ. ಹಾರ್ನಂತೂ ಹೊಟ್ಟೆನೋವು ಬಂದ ಎಮ್ಮೆಯಂತೆ ನರಳುತ್ತಿತ್ತು.

"ಏ ಗುರ್ಯಾ, ನಿನ್ನ ಗಾಡಿಗೆ ಬ್ಯಾನಿ ಹತ್ತೇತಿ, ಅದನ್ನೂ ದವಾಖಾನಿಗೆ ತೋರಸೋ" ಎಂದು ಅತ್ತೆ ಮಗನನ್ನು ಕೆಣಕುತ್ತಿದ್ದರು.

ಎಲೆಕ್ಟ್ರಿಷಿಯನ್ ಬಂದು ಬ್ಯಾಟರಿ ಬದಲಿಸಿದ, ಫ್ಯೂಸುಗಳನ್ನೆಲ್ಲ ನೋಡಿದ. ವೈರುಗಳನ್ನು ಜಗ್ಗಿ "ಸಬ್ ಬರೋಬರ್ ಹೈ" ಎಂದು ಹೋದ. ನನಗೆ ಮಾತ್ರ ಒಂದು ಸಣ್ಣ ಸಂಗತಿ ಕಾಡುತ್ತಿತ್ತು. ಕೀಲಿ ತಿರುವಿಯೂ ಶುರುವಾಗದೆ ಇಂಜಿನ್ ತಣ್ಣಗಿದ್ದಾಗಲೂ, ಬಾನೆಟ್ ಎತ್ತಿ ಎಕ್ಸಿಲರೇಟರಿನ ಕೇಬಲ್ ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆಯ ವೈರಿನಂತೆ ಬೆಚ್ಚಗಿರುತ್ತಿತ್ತು. ಹೇಳಿದರೆ ನಮ್ಮ ಮನೆಯವರು, "ಶೈಲಾ, ನಾಗಪುರದಾಗ ಏನು ಬೆಚ್ಚಗಿಲ್ಲ ಹೇಳು" ಎಂದು ನಕ್ಕರು.

ಒಂದು ವಾರ ಗಾಡಿ ಅಲುಗಲೇ ಇಲ್ಲ. ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ಕಂಡಕ್ಟರ್ ಇಳಿದು ಬಂದು ಕೈಹಿಡಿದು ಹತ್ತಿಸಿದ, ಪಾಪ. ಆದರೂ ಆ ಮೆಟ್ಟಿಲು ಹತ್ತುವಾಗ ಅತ್ತೆಯ ಮುಖ ಹಿಂಡಿದಂತಾಯಿತು. ಮುಂದಿನ ವಾರ "ಒಲ್ಲೆ" ಎಂದು ಹಾಸಿಗೆ ಬಿಟ್ಟು ಏಳಲಿಲ್ಲ. ಕಾಲು ಬಿಗಿಯತೊಡಗಿತು. ಅಡುಗೆಮನೆಯಲ್ಲಿ ಒಗ್ಗರಣೆ ಸೀದದ್ದೂ ತಿಳಿಯದೆ ನಾನು ಅಳುತ್ತಾ ನಿಂತಿದ್ದೆ. ಇತ್ತ ನಮ್ಮ ಮನೆಯವರು ಗಾಡಿ ಒಯ್ಯಲು ಗುಜರಿಯವನಿಗೆ ಸೋಮವಾರ ಬರಲು ಹೇಳಿಬಿಟ್ಟಿದ್ದರು.

ನಾನು ಓದಿದ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೊಬ್ಬರು ಸಿಸ್ಟರ್ ಇದ್ದರು. ದೇವರ ಹತ್ತಿರ ಸುತ್ತಿಬಳಸಿ ಬೇಡಬಾರದು, ಬೇಕಾದದ್ದನ್ನು ನೇರವಾಗಿ ಕೇಳಬೇಕು ಎನ್ನುತ್ತಿದ್ದರು. ಶನಿವಾರ ಬೆಳಿಗ್ಗೆ ದೀಪ ಹಚ್ಚಿ ಹಾಗೆಯೇ ಕೇಳಿದೆ: "ಹನುಮಪ್ಪಾ, ಅತ್ತೆ ನಿನ್ನ ಗುಡಿಗೆ ತಮ್ಮ ಕಾಲ ಮೇಲೆ ನಡೆದು ಬರಬೇಕು. ಗಾಡಿಯ ದೋಷ ಎಲ್ಲಿದೆ, ತೋರಿಸು."

ಅಂದು ಗಾಡಿ ಮೊದಲ ಸಲಕ್ಕೇ ಶುರುವಾಯಿತು! ಅತ್ತೆಯನ್ನು ಪುಸಲಾಯಿಸಿ ಹತ್ತಿಸಿ ಹೊರಟೆವು. ಕನ್ಹಾನ್ ನದಿಯ ಸೇತುವೆ ದಾಟಿದೆವೋ ಇಲ್ಲವೋ, ಎಲ್ಲ ದೀಪವೂ ಒಮ್ಮೆ ಮಿನುಗಿ ಗಾಡಿ ನಿಂತಿತು. ನಿಂತದ್ದು ಎಲ್ಲಿ? ರಸ್ತೆ ಪಕ್ಕದ ಪುಟ್ಟ ಹನುಮಪ್ಪನ ಗುಡಿಯೆದುರು.

ನಮ್ಮ ಮನೆಯವರು ದತ್ತುವಿಗೆ ಫೋನ್ ಮಾಡಿದರು. ನಾನು ಅತ್ತೆಗೆ ನೀರು ತರಲು ಗುಡಿಗೆ ಹೋದೆ. ಹನುಮ ಜಯಂತಿ ಹತ್ತಿರ ಬಂದಿತ್ತು. ಪೂಜಾರಿ ಮೂರ್ತಿಯ ಹಳೆಯ ಸಿಂಧೂರವನ್ನು ತೆಂಗಿನ ಚಿಪ್ಪಿನಿಂದ ಕೆರೆಯುತ್ತಿದ್ದರು. ಅಂಗೈ ದಪ್ಪದ ಪದರಗಳು ಕಳಚಿ ಬೀಳುತ್ತಿದ್ದವು. "ದೇವರ ಮೈ ಕೆರೆಯಬಹುದೇ ಮಹಾರಾಜ್?" ಎಂದೆ, ಮರಾಠಿಯಲ್ಲಿ.

"ಕೆರೆಯಲೇಬೇಕು ತಾಯಿ. ಕಲ್ಲು ಕಾಣುವವರೆಗೆ ಕೆರೆಯದಿದ್ದರೆ ಹೊಸ ಲೇಪ ಮೈಗೆ ತಾಗುವುದೇ ಇಲ್ಲ. ಮೇಲೆಮೇಲೆ ನಿಂತು ಉದುರುತ್ತದೆ."

ನೀರಿನ ತಂಬಿಗೆ ಕೈಯಲ್ಲೇ ಉಳಿಯಿತು. ಮೈಗೆ ತಾಗುವುದಿಲ್ಲ! ಅತ್ತೆ ಸಿಂಧೂರ ಮೆತ್ತಿದ ಆ ಹೊಳೆಯುವ ಜಾಗ ಕಣ್ಣಿಗೆ ಕಟ್ಟಿತು. ಎಲ್ಲ ಕಡೆ ಬಣ್ಣ ಹೊಡೆದು ಅದೊಂದನ್ನು ಮಾತ್ರ ದತ್ತು ಉಜ್ಜಿ ಇಟ್ಟಿದ್ದು ಸುಮ್ಮನೆ ಇರಲಾರದು.

ದತ್ತು ಬೈಕಿನಲ್ಲಿ ಬಂದ ಕೂಡಲೇ ಬಾನೆಟ್ ಎತ್ತಿಸಿ ಕೇಳಿದೆ: "ಭಾವೂ, ಇಲ್ಲಿ ಏನು ಕೂರಿಸಬೇಕಿತ್ತು?"

ಅವನು ಕಿವಿ ಕೆರೆದುಕೊಂಡ. "ಅರ್ಥಿಂಗ್ ಪಟ್ಟಿ, ಕಾಕೂ. ಇಂಜಿನ್ನಿನಿಂದ ಗಾಡಿಯ ಮೈಗೆ ಹೋಗುವುದು. ಚಹಾ ಕುಡಿದು ಬಂದು ನೋಡಿದರೆ ಬಜರಂಗಬಲಿ ಬಂದು ಕೂತುಬಿಟ್ಟಿದ್ದಾನೆ. ಅವನ ಮೇಲೆ ಸ್ಪ್ಯಾನರ್ ಹೇಗೆ ಹಾಕಲಿ? ಪಕ್ಕದ ಬೋಲ್ಟಿಗೆ ಬಿಗಿದೆ."

"ಪಕ್ಕದ್ದಕ್ಕ ಬಣ್ಣ ಹೊಡದೈತಲ್ಲೋ!" ಎಂದು ನಮ್ಮ ಮನೆಯವರು ಹಣೆ ಬಡಿದುಕೊಂಡರು. ಪಟ್ಟಿ ಇತ್ತು, ಬಿಗಿಯಾಗಿಯೂ ಇತ್ತು. ಆದರೆ ಕರೆಂಟು ಹರಿಯಗೊಡದ ಬಣ್ಣದ ಮೇಲೆ ಕೂತಿತ್ತು. ಹೋದ ಕರೆಂಟಿಗೆ ಮರಳಿ ಬರಲು ದಾರಿಯಿಲ್ಲದೆ ಎಕ್ಸಿಲರೇಟರಿನ ಕೇಬಲ್ಲಿನಲ್ಲಿ ನುಸುಳಿ ಬರುತ್ತಿತ್ತಂತೆ. ಅದಕ್ಕೇ ಆ ಬಿಸಿ.

ಈಗ ಸಿಂಧೂರ ಕೆರೆಯುವವರು ಯಾರು? ದತ್ತು, "ಶನಿವಾರ ನನ್ನಿಂದಾಗದು" ಎಂದು ಎರಡು ಹೆಜ್ಜೆ ಹಿಂದೆ ಸರಿದ. ನಮ್ಮ ಮನೆಯವರು ಅವ್ವನ ಮುಖ ನೋಡಿದರು. ಅತ್ತೆ ಎತ್ತರದ ಸೀಟಿನಿಂದಲೇ ಕೂಗಿದರು:

"ನನ್ನ ಮಾರಿ ಏನು ನೋಡ್ತೀರಿ? ಅವಾ ಗುಡ್ಡಾ ಹೊತ್ತು ಹಾರಿದಾಂವ, ದಾರಿಗೆ ಅಡ್ಡ ಕುಂದ್ರಾಂವಲ್ಲ. ನಾ ಹಿಡಕೊಂಡು ಕುಂದ್ರಸೇನಿ. ಶೈಲಾ, ನೀನ ಕೆರಿಯವಾ!"

ಪೂಜಾರಿ ನಗುತ್ತಾ ತಮ್ಮ ಚಿಪ್ಪನ್ನೇ ಕೊಟ್ಟರು. ಕೈಮುಗಿದು ಕೆರೆದೆ, ದತ್ತು ಪೆಟ್ರೋಲ್ ಬಟ್ಟೆಯಿಂದ ಒರೆಸಿ ಪಟ್ಟಿಯನ್ನು ಅದರ ಜಾಗದಲ್ಲಿ ಬಿಗಿದ. ಕೀಲಿ ತಿರುವಿದರೆ ಗಾಡಿ ಗುರ್ ಎಂದಿತು. ಕೆಂಪು ದೀಪಗಳು ಒಂದೊಂದಾಗಿ ಆರಿದವು. ಹಾರ್ನ್ ಎಷ್ಟು ಜೋರಾಗಿ ಕೂಗಿತೆಂದರೆ ಗುಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದವು.

ಆಸ್ಪತ್ರೆಗೆ ತಡವಾದರೂ ಅಂದಿನ ವ್ಯಾಯಾಮ ತಪ್ಪಲಿಲ್ಲ. ಗುಜರಿಯವನನ್ನು ಚಹಾ ಕೊಟ್ಟು ಕಳಿಸಿದೆವು.

ಎಲ್ಲಾದರೂ ನಿಲ್ಲಬಹುದಿದ್ದ ಗಾಡಿ ಅಲ್ಲೇ ನಿಂತದ್ದು, ಅದೇ ಹೊತ್ತಿಗೆ ಆ ಪೂಜಾರಿ ಚಿಪ್ಪು ಹಿಡಿದದ್ದು ಹೇಗೆ ಎಂದು ನಮ್ಮ ಮನೆಯವರು ಈಗಲೂ ಲೆಕ್ಕ ಹಾಕುತ್ತಾರೆ. ನಾನು ಹಾಕುವುದಿಲ್ಲ. ದೋಷ ಎಲ್ಲಿದೆ ತೋರಿಸು ಎಂದಿದ್ದೆ, ತೋರಿಸಿದ.

ಕಳೆದ ಶನಿವಾರ ಅದೇ ಗುಡಿಗೆ ಹೋಗಿದ್ದೆವು. ಅತ್ತೆ ಮಣೆಯ ಮೇಲೆ ಕಾಲಿಟ್ಟು ಇಳಿದು, ಕೋಲೂರಿ, ಯಾರ ಕೈಯನ್ನೂ ಹಿಡಿಯದೆ ಮೂರ್ತಿಯನ್ನು ಸುತ್ತಿ ಬಂದರು. ಬೆರಳಲ್ಲಿ ಉಳಿದ ಸಿಂಧೂರವನ್ನು ಗಾಡಿಗೆ ಹಚ್ಚಲು ಹೋದವರು ತಟ್ಟನೆ ನಿಂತು, ಹಿಂದೆ ತಿರುಗಿ ಕೇಳಿದರು:

"ದತ್ತೂನ್ನ ಒಂದು ಮಾತು ಕೇಳವಾ ಶೈಲಾ, ಎಲ್ಲಿ ಹಚ್ಚಿದ್ರ ನಡೀತೈತಿ ಅಂತ."